ನಾಕಾ ಇಲ್ಲದ ಗಡಿ: ಡಬ್ಲಿನ್‌ನಿಂದ ಲಾರ್ನ್ ಬಂದರಿನ ತನಕ

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಹೋಗುವ ಮಾಲು ಬ್ರಿಟನ್ನಿಗೆ ಹೋದಂತೆಯೋ, ಯುರೋಪಿಗೆ ಹೋದಂತೆಯೋ? ರಾಯಚೂರಿನ ಅಕ್ಕಿ ಮಿಲ್ಲಿನವರಾಗಲಿ, ಬಳ್ಳಾರಿಯ ಜೀನ್ಸ್ ಘಟಕದವರಾಗಲಿ ಆ ಕಡೆಯ ಆರ್ಡರು ಹಿಡಿಯಹೊರಟರೆ ಮೊದಲು ಎದುರಾಗುವ ಪ್ರಶ್ನೆ ಇದು. ಎರಡೂ ಹೌದು ಎಂಬುದೇ ಉತ್ತರ. ನಿಯಮದ ಪುಸ್ತಕ ಹಿಡಿದು ಕೂತರೆ ತಲೆ ಕೆಡುತ್ತದೆ. ಗಡಿಗುಂಟ ಒಮ್ಮೆ ಗಾಡಿ ಓಡಿಸಿಕೊಂಡು ಹೋದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ನಮ್ಮ ದಾರಿ ಡಬ್ಲಿನ್‌ನಿಂದ ನ್ಯೂರಿ, ಅಲ್ಲಿಂದ ಗಡಿಯ ಅಂಕುಡೊಂಕು ಹಿಡಿದು ಡೆರಿ, ಕೊನೆಗೆ ಪೂರ್ವ ಕರಾವಳಿಯ ಲಾರ್ನ್ ಬಂದರು.

2016ರ ಜೂನ್ 23ರ ಜನಮತದಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಲು ತೀರ್ಮಾನಿಸಿತು. ಆದರೆ ಬ್ರಿಟನ್ನಿನದೇ ಭಾಗವಾದ ಉತ್ತರ ಐರ್ಲೆಂಡಿನಲ್ಲಿ ಸುಮಾರು 56% ಮತ ಒಕ್ಕೂಟದಲ್ಲೇ ಇರೋಣ ಎಂದು ಬಿದ್ದಿತ್ತು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು, ಡಿಸೆಂಬರ್ 31ಕ್ಕೆ ಸಂಧಿಕಾಲವೂ ಮುಗಿಯಿತು. ದಕ್ಷಿಣದ ಐರ್ಲೆಂಡ್ ಗಣರಾಜ್ಯ ಒಕ್ಕೂಟದಲ್ಲೇ ಉಳಿಯಿತು. ಹೀಗೆ ಸುಮಾರು 500 ಕಿ.ಮೀ. ಉದ್ದದ ಗಡಿಯೊಂದು, ಅಂದರೆ ರಾಯಚೂರು–ಬೆಂಗಳೂರು ದಾರಿಗಿಂತ ಉದ್ದದ್ದು, ರಾತ್ರೋರಾತ್ರಿ ಎರಡು ಸುಂಕ ವ್ಯವಸ್ಥೆಗಳ ಸೆರಗಾಯಿತು. ಅದನ್ನು ದಾಟುವ ಸಾರ್ವಜನಿಕ ರಸ್ತೆಗಳೇ 200ಕ್ಕೂ ಹೆಚ್ಚು.

ಹೊರಡುವವರಿಗೆ ಮೊದಲು ವೀಸಾ ಮಾತು. ಬ್ರಿಟನ್ ಮತ್ತು ಐರ್ಲೆಂಡ್ ನಾಗರಿಕರಿಗೆ ಪರಸ್ಪರ ಓಡಾಟ ಮುಕ್ತ. ಭಾರತದ ಪಾಸ್‌ಪೋರ್ಟಿನವರಿಗೆ ಆ ಸವಲತ್ತು ಇಲ್ಲ. 2015ರಿಂದ ಭಾರತೀಯರಿಗೆ ಬ್ರಿಟಿಷ್–ಐರಿಶ್ ವೀಸಾ ಯೋಜನೆ ಇದೆ; ವೀಸಾದ ಮೇಲೆ 'ಬಿಐವಿಎಸ್' ಎಂಬ ನಮೂದು ಇದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ತಿರುಗಬಹುದು. ಷರತ್ತು: ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು. ನಮೂದು ಇಲ್ಲದಿದ್ದರೆ ಎರಡು ವೀಸಾ ಬೇಕು. ರಸ್ತೆಯಲ್ಲಿ ಯಾರೂ ಕೇಳುವುದಿಲ್ಲವಲ್ಲ ಎಂದು ಒಂದೇ ವೀಸಾದಲ್ಲಿ ದಾಟುವವರಿದ್ದಾರೆ. ಡಬ್ಲಿನ್ ಕಡೆಗಿನ ಬಸ್ಸುಗಳನ್ನು ಐರಿಶ್ ಪೊಲೀಸರು ಆಗೀಗ ನಿಲ್ಲಿಸಿ ದಾಖಲೆ ನೋಡುವುದುಂಟು. ಸಿಕ್ಕಿಬಿದ್ದರೆ ಮುಂದಿನ ಎಲ್ಲ ವೀಸಾ ಅರ್ಜಿಗೂ ಅದು ಕಪ್ಪು ಚುಕ್ಕೆ.

ಡಬ್ಲಿನ್‌ನಲ್ಲಿ ಬಾಡಿಗೆ ಕಾರು ಹಿಡಿಯುವಾಗ ಉತ್ತರಕ್ಕೂ ಒಯ್ಯುತ್ತೇವೆ ಎಂದು ಬಾಯಿಬಿಟ್ಟು ಹೇಳಿ, ವಿಮೆಯಲ್ಲಿ ಅದು ಸೇರಿದೆಯೇ ನೋಡಿಕೊಳ್ಳಬೇಕು. ಊರ ಸುತ್ತಿನ ಎಂ-50 ರಸ್ತೆಯಲ್ಲಿ ಟೋಲ್ ಗೇಟೇ ಇಲ್ಲ, ಕ್ಯಾಮೆರಾ ನಂಬರ್ ಓದುತ್ತದೆ. ಮರುದಿನ ರಾತ್ರಿ 8ರೊಳಗೆ ಹಣ ಕಟ್ಟದಿದ್ದರೆ ದಂಡ. ಮುಂದೆ ಎಂ-1 ಹಿಡಿದು ದ್ರೊಹೆಡಾ ಬಳಿ ಇನ್ನೊಂದು ಟೋಲ್ ಕಟ್ಟಿ, ಡಂಡಾಕ್ ದಾಟಿದರೆ ಗಡಿ ಬಂದೇಬಿಟ್ಟಿತು.

ಬಂದದ್ದು ಗೊತ್ತಾದರೆ ತಾನೇ! "ಗಡಿ ಎಲ್ಲೈತ್ರೀ?" ಎಂದು ಹಿಂದಿನ ಸೀಟಿನಿಂದ ಕೇಳುವ ಹೊತ್ತಿಗೆ, "ಆಗ್ಲೇ ದಾಟಿದ್ವಿ ಬಿಡ್ರೀ" ಎನ್ನಬೇಕಾಗುತ್ತದೆ. ಕಮಾನಿಲ್ಲ, ಬಾವುಟವಿಲ್ಲ, ಅಡ್ಡಗಂಬವಿಲ್ಲ. ಗುರುತು ಹಿಡಿಯಲು ರಸ್ತೆಯನ್ನೇ ನೋಡಬೇಕು: ದಕ್ಷಿಣದಲ್ಲಿ ಅಂಚಿನ ಪಟ್ಟಿ ಹಳದಿ, ಉತ್ತರದಲ್ಲಿ ಬಿಳಿ. ವೇಗದ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆ. ಇದು ಬರೀ ಕುತೂಹಲದ ಸಂಗತಿಯಲ್ಲ. ಡಬ್ಲಿನ್ ಕಾರಿನ ಸ್ಪೀಡೋಮೀಟರ್ ಕಿ.ಮೀ. ಲೆಕ್ಕದ್ದು, ಉತ್ತರದ ಫಲಕದಲ್ಲಿ 30 ಎಂದಿದ್ದರೆ ಅದು 48 ಕಿ.ಮೀ. 30ರಲ್ಲೇ ತೆವಳಿಕೊಂಡು ಹೋದರೆ ಹಿಂದಿನ ಲಾರಿಗಳ ಶಾಪ. ತಿರುಗಿ ಬರುವಾಗ ಆ ಅಭ್ಯಾಸದಲ್ಲೇ ಓಡಿಸಿದರೆ ದಂಡ.

ನಾಕಾ ಯಾಕಿಲ್ಲ ಎನ್ನುವುದಕ್ಕೆ ಇತಿಹಾಸವಿದೆ. 1923ರ ಏಪ್ರಿಲ್ 1ರಿಂದ ಈ ಗೆರೆಯ ಮೇಲೆ ಸುಂಕದ ಕಟ್ಟೆಗಳಿದ್ದವು. ಕೆಲವೇ ರಸ್ತೆಗಳು 'ಮಂಜೂರಾದವು', ಉಳಿದವುಗಳಲ್ಲಿ ಸರಕು ಸಾಗಿಸುವುದೇ ಅಪರಾಧ. ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರಬೇಕೇ, ಐರ್ಲೆಂಡಿಗೆ ಸೇರಬೇಕೇ ಎಂಬ ಜಗಳದ 1970ರ ದಶಕದ ಹಿಂಸಾಚಾರದಲ್ಲಿ ಬ್ರಿಟಿಷ್ ಸೇನೆಯ ತಪಾಸಣೆ ಗೋಪುರಗಳು ಎದ್ದವು, ಎಷ್ಟೋ ಸಣ್ಣ ರಸ್ತೆಗಳನ್ನು ಸ್ಫೋಟಿಸಿ ಗುಂಡಿ ಮಾಡಲಾಯಿತು. 1972ರ ಆಗಸ್ಟ್‌ನಲ್ಲಿ ನ್ಯೂರಿಯ ಕಸ್ಟಮ್ಸ್ ಕಚೇರಿಯಲ್ಲಿ ಬಾಂಬ್ ಸಿಡಿದು 9 ಮಂದಿ ಸತ್ತರು. ಸುಂಕದ ನೌಕರರೂ ಅವರಲ್ಲಿದ್ದರು. 1993ರ ಜನವರಿ 1ಕ್ಕೆ ಐರೋಪ್ಯ ಏಕ ಮಾರುಕಟ್ಟೆ ಬಂದು ಸುಂಕದ ಕಟ್ಟೆಗಳು ಎದ್ದುಹೋದವು, 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ಬಳಿಕ ಗೋಪುರಗಳೂ ಇಳಿದವು. ಹಾಗಾಗಿ ಬ್ರೆಕ್ಸಿಟ್ ಮಾತುಕತೆಯಲ್ಲಿ ಕೂತವರೆಲ್ಲ ಒಪ್ಪಿದ ಒಂದೇ ಸಂಗತಿಯೆಂದರೆ, ಈ ನೆಲದ ಮೇಲೆ ಮತ್ತೆ ನಾಕಾ ಕಟ್ಟುವುದಿಲ್ಲ ಎಂಬುದು.

ನಮ್ಮ ಕಡೆಯವರಿಗೆ ಇದು ತೀರ ಹೊಸದೇನಲ್ಲ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿ ಇದ್ದಾಗ ತುಂಗಭದ್ರೆಯೇ ಸುಂಕದ ಗೆರೆ. ಆಚೆ ದಡದಲ್ಲಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ, ಈಚೆ ದಡದಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ, ನಡುವೆ ನಿಜಾಮರ ಸುಂಕ ಇಲಾಖೆಯಾದ ಕರೋಡಗಿರಿಯವರ ತಪಾಸಣೆ. ಒಂದೇ ಅಣೆಕಟ್ಟನ್ನು ಎರಡು ಸರ್ಕಾರಗಳು ಎರಡು ದಡದಿಂದ ಕಟ್ಟುತ್ತ ಬಂದದ್ದೂ ಆ ಕಾಲದಲ್ಲೇ. ಗೆರೆ ಅಳಿಸಿತು, 1956ರ ಹೊತ್ತಿಗೆ ಮೂರೂ ಒಂದೇ ರಾಜ್ಯಕ್ಕೆ ಬಂದವು. ಐರ್ಲೆಂಡಿನದು ಉಲ್ಟಾ ಸಮಸ್ಯೆ: ಅಳಿಸಿಹೋದ ಗೆರೆಗೆ ಕಾನೂನು ಮತ್ತೆ ಜೀವ ಕೊಟ್ಟಿದೆ, ಜನ ಅದನ್ನು ನೆಲದ ಮೇಲೆ ಕಾಣಗೊಡುತ್ತಿಲ್ಲ.

ನ್ಯೂರಿಯಿಂದ ಪಶ್ಚಿಮಕ್ಕೆ ಹೊರಳಿದರೆ ಆ ಗೆರೆ ಎಷ್ಟು ಹುಚ್ಚಾಪಟ್ಟೆ ಎಂಬುದು ತಿಳಿಯುತ್ತದೆ. ಕ್ಲೋನ್ಸ್ ಊರಿನಿಂದ ಕ್ಯಾವನ್ ಕಡೆ ಹೋಗುವ ರಸ್ತೆ ಸುಮಾರು 10 ಕಿ.ಮೀ. ಒಳಗೆ ನಾಲ್ಕು ಸಲ ಗಡಿ ದಾಟುತ್ತದೆ. ದಕ್ಷಿಣದಲ್ಲಿ ಎನ್-54, ಉತ್ತರದಲ್ಲಿ ಎ-3, ಮತ್ತೆ ಎನ್-54. ಇಲ್ಲಿ ನಾಕಾ ಹಾಕಬೇಕೆಂದರೆ ಒಂದೇ ಹಾಲಿನ ಟ್ಯಾಂಕರನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ನಿಲ್ಲಿಸಬೇಕು. ಬೆಲ್ಟರ್ಬೆಟ್ ಬಳಿಯ ಅಗಲೇನ್ ಸೇತುವೆಯನ್ನು 1972ರಲ್ಲಿ ಸ್ಫೋಟಿಸಲಾಗಿತ್ತು, ಹೊಸದು ಬಂದದ್ದು 1999ರಲ್ಲಿ. ಅಷ್ಟು ವರ್ಷ ಪಕ್ಕದೂರಿಗೆ ಸುತ್ತುಬಳಸಿ ಹೋದ ಜನಕ್ಕೆ 'ಸಣ್ಣದೊಂದು ತಪಾಸಣೆ' ಎಂಬ ಮಾತೇ ಸಿಟ್ಟು ತರಿಸುತ್ತದೆ. ಇನ್ನೂ ಮೇಲಕ್ಕೆ ಪೆಟ್ಟಿಗೋ ಎಂಬ ಹಳ್ಳಿಯ ನಡುವೆ ಟರ್ಮನ್ ಎಂಬ ಕಿರುಹೊಳೆ ಹರಿಯುತ್ತದೆ. ಒಂದು ದಡದ ಅಂಗಡಿಯಲ್ಲಿ ಯೂರೋ ಬೆಲೆ, ಇನ್ನೊಂದು ದಡದಲ್ಲಿ ಪೌಂಡ್.

ಹಾಲಿನ ಮಾತು ಬಂತು. ಉತ್ತರದ ಹಾಲಿನ ಸುಮಾರು ಮೂರನೇ ಒಂದು ಪಾಲು ದಕ್ಷಿಣದ ಡೇರಿಗಳಿಗೆ ಹೋಗಿ ಬೆಣ್ಣೆ, ಪುಡಿ, ಚೀಸ್ ಆಗುತ್ತದೆ. ಟ್ಯಾಂಕರ್ ತಡೆಯುವವರಿಲ್ಲ, ತೊಡಕು ಇರುವುದು 'ಮೂಲ'ದ ಲೆಕ್ಕದಲ್ಲಿ. ಎರಡೂ ಕಡೆಯ ಹಾಲು ಒಂದೇ ತೊಟ್ಟಿಗೆ ಬಿದ್ದರೆ, ಒಕ್ಕೂಟವು ಬೇರೆ ದೇಶಗಳ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದಗಳ ರಿಯಾಯಿತಿಗೆ ಅದು 'ಐರೋಪ್ಯ ಹಾಲು' ಅನ್ನಿಸಿಕೊಳ್ಳದೆ ಹೋಗಬಹುದು. ಬೇರೆ ಬೇರೆ ತೊಟ್ಟಿ ಇಡಬೇಕು, ಇಲ್ಲವೇ ರಿಯಾಯಿತಿ ಬಿಡಬೇಕು. ಗಡಿ ರಸ್ತೆಯಿಂದ ಎದ್ದು ಡೇರಿಯ ತೊಟ್ಟಿಯೊಳಗೆ ಹೋಗಿ ಕೂತಿದೆ.

ಡೀಸೆಲ್‌ನ ಕಥೆ ಇನ್ನೂ ಚೆಂದ. ಹೊಲಗೆಲಸದ ಕಡಿಮೆ ತೆರಿಗೆಯ ಡೀಸೆಲ್‌ಗೆ ಉತ್ತರದಲ್ಲಿ ಕೆಂಪು ಬಣ್ಣ, ದಕ್ಷಿಣದಲ್ಲಿ ಹಸಿರು. ರಾಸಾಯನಿಕ ಹಾಕಿ ಬಣ್ಣ ತೆಗೆದು ಮಾಮೂಲಿ ಡೀಸೆಲ್ ಎಂದು ಮಾರುವ ದಂಧೆ ಗಡಿಯ ಕೊಟ್ಟಿಗೆಗಳಲ್ಲಿ ಜೋರಾಗಿತ್ತು, ಉಳಿದ ಕೆಸರನ್ನು ರಸ್ತೆಬದಿಗೆ ಸುರಿದು ಹೋಗುತ್ತಿದ್ದರು. ರಸ್ತೆ ಕಾಯುವುದರಿಂದ ಇದು ನಿಲ್ಲಲಿಲ್ಲ. 2015ರಲ್ಲಿ ಎರಡೂ ಸರ್ಕಾರಗಳು ಒಟ್ಟಾಗಿ, ಸುಲಭಕ್ಕೆ ತೆಗೆಯಲಾಗದ ಹೊಸ ಗುರುತು ದ್ರವ್ಯವನ್ನು ಎಣ್ಣೆಗೇ ಬೆರೆಸಿದ ಮೇಲೆ ದಂಧೆ ಕುಗ್ಗಿತು. ಆಂಧ್ರ, ತೆಲಂಗಾಣದ ಲಾರಿಗಳು ನಮ್ಮ ಗಡಿಯ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುವುದನ್ನು ನೋಡಿದವರಿಗೆ, ದರದ ವ್ಯತ್ಯಾಸ ಇದ್ದಲ್ಲಿ ಚಕ್ರ ಹೊರಳಿಯೇ ಹೊರಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು, ಮುಂದೆ 50,000 ರೂಪಾಯಿ ಮೀರಿದ ಮಾಲಿಗೆ ಸಾಗಣೆಯ ಆನ್‌ಲೈನ್ ಚೀಟಿಯಾದ ಇ-ವೇ ಬಿಲ್ ಬಂತು. ಆದರೂ ತೆಲಂಗಾಣ ಸಣ್ಣ ಭತ್ತಕ್ಕೆ ಕ್ವಿಂಟಲ್‌ಗೆ 500 ರೂಪಾಯಿ ಬೋನಸ್ ಕೊಟ್ಟ ಸುಗ್ಗಿಯಲ್ಲಿ ರಾಯಚೂರು ಕಡೆಯ ಭತ್ತದ ಲಾರಿಗಳನ್ನು ಗಡಿಯಲ್ಲಿ ತಡೆದದ್ದುಂಟು. ತೆರಿಗೆ ಒಂದಾದರೆ ಸಾಲದು, ಸಬ್ಸಿಡಿ ಬೇರೆಯಾದರೂ ನಾಕಾ ಹುಟ್ಟಿಕೊಳ್ಳುತ್ತದೆ.

ಲಿಫರ್ಡ್–ಸ್ಟ್ರಬೇನ್ ಸೇತುವೆ ದಾಟಿ ಡೆರಿ ನೋಡಿಕೊಂಡು ನೇರ ಲಾರ್ನ್‌ಗೆ ಬರುವುದು ಲೇಸು. ಡೆರಿಯ ಕೋಟೆಗೋಡೆ ಚೆನ್ನಾಗಿದೆ, ಅಷ್ಟೇ. ನಮ್ಮ ವಿಷಯಕ್ಕೆ ತಿರುಳು ಇರುವುದು ಲಾರ್ನ್‌ನಲ್ಲಿ.

ಸ್ಕಾಟ್ಲೆಂಡಿನ ಕೇರ್ನ್‌ರಯನ್‌ನಿಂದ ಹಡಗು ಸುಮಾರು ಎರಡು ತಾಸಿನಲ್ಲಿ ಇಲ್ಲಿಗೆ ಬರುತ್ತದೆ. ಒಂದೇ ದೇಶದ ಎರಡು ಬಂದರು. ಆದರೂ ಐರೋಪ್ಯ ಸುಂಕದ ತಪಾಸಣೆ ನಡೆಯುವುದು ಇಲ್ಲೇ, ಯಾಕೆಂದರೆ ನೆಲದ ಗಡಿಯಿಂದ ಎತ್ತಿದ ನಾಕಾವನ್ನು ಸಮುದ್ರಕ್ಕೆ ತಂದು ಇಳಿಸಿದ್ದಾರೆ. ಸರಕಿನ ಮಟ್ಟಿಗೆ ಉತ್ತರ ಐರ್ಲೆಂಡ್ ಒಕ್ಕೂಟದ ನಿಯಮಕ್ಕೆ ಒಳಪಟ್ಟಿದೆ. ಅಲ್ಲಿನ ವ್ಯಾಪಾರಿಗಳ ಇಒಆರ್‌ಐ ಸಂಖ್ಯೆ (ಆಮದು-ರಫ್ತಿಗೆ ಸುಂಕ ಇಲಾಖೆ ಕೊಡುವ ನೋಂದಣಿ) ಮತ್ತು ವ್ಯಾಟ್ ಸಂಖ್ಯೆ 'ಎಕ್ಸ್‌ಐ' ಎಂದು ಶುರುವಾಗುತ್ತದೆ. ಸೇವೆಗಳ ವ್ಯಾಟ್ ಮಾತ್ರ ಬ್ರಿಟನ್ನಿನದೇ.

ಲಾರಿ ಹಡಗು ಹತ್ತಬೇಕಾದರೆ ಮೊದಲು ಸರಕಿನ ಘೋಷಣೆಗಳನ್ನೆಲ್ಲ ಜಿವಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಕಟ್ಟಿ, ಲಾರಿಗೆ ಒಂದೇ ಉಲ್ಲೇಖ ಸಂಖ್ಯೆ ಪಡೆಯಬೇಕು. ಆ ಸಂಖ್ಯೆ ಇಲ್ಲದ ಲಾರಿಯನ್ನು ಹಡಗಿನವರು ಹತ್ತಿಸುವುದಿಲ್ಲ. ಬ್ರಿಟನ್ ಮತ್ತು ಒಕ್ಕೂಟ 2023ರ ಫೆಬ್ರುವರಿಯಲ್ಲಿ ಮಾಡಿಕೊಂಡ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದದ ಪ್ರಕಾರ ಅದೇ ಅಕ್ಟೋಬರ್ 1ರಿಂದ ಎರಡು ಪಥ: ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಮಾಲಿಗೆ ಹಸಿರು, ಒಕ್ಕೂಟಕ್ಕೆ ಹೋಗಬಹುದಾದದ್ದಕ್ಕೆ ಕೆಂಪು. ಹಸಿರು ಪಥಕ್ಕೆ ವ್ಯಾಪಾರಿ ಯುಕೆಐಎಂಎಸ್ ಎಂಬ ಅನುಮತಿ ಪಡೆದಿರಬೇಕು. ಅಂಗಡಿಗೆ ಹೋಗುವ ಆಹಾರವಾದರೆ ಇಡೀ ಲಾರಿಗೆ ಒಂದೇ ಸಾಮಾನ್ಯ ಪ್ರಮಾಣಪತ್ರ ಸಾಕು, ಲಾರಿಗೆ ಸೀಲ್ ಇರಬೇಕು, ಮಾಂಸ, ಹಾಲಿನಂಥ ಪದಾರ್ಥಗಳ ಮೇಲೆ 'ಒಕ್ಕೂಟಕ್ಕಲ್ಲ' ಎಂಬ ಚೀಟಿ ಬೇಕು. ಚೀಟಿ ಹಂತಹಂತವಾಗಿ ಜಾರಿಯಾದಂತೆ ಸೀಲ್ ನೋಡುವ ತಪಾಸಣೆ 10%ರಿಂದ 8%ಕ್ಕೆ, ಬಳಿಕ 5%ಕ್ಕೆ ಇಳಿಯುವ ಏರ್ಪಾಡು. ಕೆಂಪು ಪಥದಲ್ಲಿ ಪ್ರಾಣಿಮೂಲದ ಪ್ರತಿ ಪದಾರ್ಥಕ್ಕೂ ಸರ್ಕಾರಿ ಮಾನ್ಯತೆಯ ಪಶುವೈದ್ಯರ ಸಹಿಯ ಆರೋಗ್ಯ ಪ್ರಮಾಣಪತ್ರ ಬೇಕು.

ಕೆಡುವುದು ಹೆಚ್ಚಾಗಿ ಬಿಡಿ ಮಾಲಿನ ಲಾರಿಗಳಲ್ಲಿ. ಹತ್ತು ವ್ಯಾಪಾರಿಗಳ ಸರಕು ಒಂದೇ ಲಾರಿಯಲ್ಲಿದ್ದು, ಒಬ್ಬನ ಸರಕಿನ ಕೋಡ್ ತಪ್ಪಿದರೂ ಹತ್ತೂ ಜನರ ಮಾಲು ಬಂದರಿನಲ್ಲೇ ಕೂತುಬಿಡುತ್ತದೆ. ಬ್ರಿಟನ್–ಒಕ್ಕೂಟದ ನಡುವೆ ಓಡಾಡುವ ಮರದ ಪ್ಯಾಲೆಟ್ಟಿಗೂ ಈಗ ಐಎಸ್‌ಪಿಎಂ-15 ಮುದ್ರೆ ಬೇಕು: ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿರಬೇಕು. ನಮ್ಮಲ್ಲಿ ಹೊರದೇಶಕ್ಕೆ ಕಳಿಸುವವರು ಇದನ್ನು ಹೇಗೂ ಮಾಡಿಸುತ್ತಾರೆ, ಬ್ರಿಟನ್ನಿನ ಗೋದಾಮಿನಲ್ಲಿ ಮುದ್ರೆಯಿಲ್ಲದ ಪ್ಯಾಲೆಟ್ಟಿಗೆ ಬದಲಾಯಿಸಿಬಿಟ್ಟರೆ ಮಾತ್ರ ಆ ಖರ್ಚು ದಂಡ.

ಈಗ ಬಳ್ಳಾರಿಯ ಜೀನ್ಸ್. ಹತ್ತಿ ಪ್ಯಾಂಟಿಗೆ ಒಕ್ಕೂಟದ ಮಾಮೂಲಿ ಸುಂಕ 12%. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಪ್ರಕಾರ ಬ್ರಿಟನ್ನಿನಲ್ಲಿ ಬಟ್ಟೆಯ ಸುಂಕ ಸೊನ್ನೆಗೆ ಇಳಿಯುತ್ತದೆ. ಆ ದರದಲ್ಲಿ ಕಂಟೇನರ್ ಭಾರತದಿಂದ ನೇರ ಬೆಲ್‌ಫಾಸ್ಟ್‌ಗೆ ಹೋದರೆ ಎರಡು ಸುಂಕಗಳ ಅಂತರ ನೋಡುತ್ತಾರೆ. ಅಂತರ 3% ಮುಟ್ಟಿದರೆ, ಯುಕೆಐಎಂಎಸ್ ಇದ್ದರೂ ಅದು 'ಒಕ್ಕೂಟಕ್ಕೆ ಜಾರುವ ಅಪಾಯವುಳ್ಳ' ಮಾಲು, ಐರೋಪ್ಯ ಸುಂಕ ಕಟ್ಟಲೇಬೇಕು. ಉತ್ತರದಲ್ಲೇ ಮಾರಾಟವಾಯಿತೆಂದು ಪುರಾವೆ ಕೊಟ್ಟು ವಾಪಸ್ ಕೇಳಬಹುದು, ಆದರೆ ಅಷ್ಟು ದಿನ ಹಣ ಸಿಕ್ಕಿಕೊಂಡಿರುತ್ತದೆ. ಅದೇ ಮಾಲು ಮೊದಲು ಇಂಗ್ಲೆಂಡಿನಲ್ಲಿ ಇಳಿದು, ಸುಂಕದ ಕೆಲಸ ಮುಗಿಸಿ, ಹಸಿರು ಪಥದಲ್ಲಿ ದಾಟಿದರೆ ಆ ಹೊರೆ ಇಲ್ಲ. ಡಬ್ಲಿನ್ ಅಂಗಡಿಗಾದರೆ ಲೆಕ್ಕ ಮತ್ತೆ ತಿರುಗುತ್ತದೆ: ಇಂಗ್ಲೆಂಡಿನಲ್ಲಿ ಬಿಡಿಸಿಕೊಂಡ ಭಾರತೀಯ ಪ್ಯಾಂಟು 'ಬ್ರಿಟಿಷ್ ಮೂಲ'ದ್ದಲ್ಲ, ಡಬ್ಲಿನ್‌ನಲ್ಲಿ ಐರೋಪ್ಯ ಸುಂಕ ಪೂರ್ತಿ ಬೀಳುತ್ತದೆ. ಅಂಥ ಮಾಲನ್ನು ಬ್ರಿಟನ್ನಿನಲ್ಲಿ ಬಿಡಿಸಿಕೊಳ್ಳದೆ ಟಿ-1 ಸಾಗಣೆ ಪತ್ರದ (ನಡುವಿನ ದೇಶದಲ್ಲಿ ಸುಂಕ ಕಟ್ಟದೆ ಹಾದುಹೋಗಲು ಬಿಡುವ ಪತ್ರ) ಮೇಲೆ ದಾಟಿಸಬೇಕು, ಅಥವಾ ಬ್ರಿಟನ್ ಬಿಟ್ಟು ಯುರೋಪಿನ ಬಂದರಿನಿಂದಲೇ ಕಳಿಸಬೇಕು. 2021ರ ಜನವರಿಯಲ್ಲಿ ಶುರುವಾದ ಡನ್‌ಕರ್ಕ್–ರಾಸ್ಲೇರ್ ಹಡಗು ಇದೇ ಕಾರಣಕ್ಕೆ ಕುದುರಿಕೊಂಡಿತು. ಒಂದು ದಿನದ ಪಯಣ, ಕಾಗದ ಸೊನ್ನೆ.

ಅಕ್ಕಿಯವರು ದಕ್ಷಿಣದ ಕಡೆ ಹೋಗುವಾಗ ಎರಡು ವಿಷಯ ನೋಡಿಕೊಳ್ಳಬೇಕು. ಪಾಲಿಶ್ ಮಾಡಿದ ಅಕ್ಕಿಗೆ ಒಕ್ಕೂಟದ ಸುಂಕ ಆಮದಿನ ಪ್ರಮಾಣ ನೋಡಿ ಟನ್ನಿಗೆ 145 ಅಥವಾ 175 ಯೂರೋ. ಇನ್ನೊಂದು, ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಾಜೋಲ್‌ನ ಉಳಿಕೆಗೆ 2018ರಿಂದ ಅಲ್ಲಿನ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಲ್ಯಾಬ್ ವರದಿ ಮಿಲ್ಲಿಂಗ್‌ಗೆ ಮುಂಚೆ ಬೇಕು, ಕಂಟೇನರ್ ತುಂಬಿದ ಮೇಲಲ್ಲ.

ಇನ್ನು ಆರ್ಡರಿನ ಷರತ್ತು. ಬೆಲ್‌ಫಾಸ್ಟ್ ಗಿರಾಕಿ 'ಡಿಡಿಪಿ' (ಅಲ್ಲಿನ ಸುಂಕವನ್ನೂ ಮಾರುವವನೇ ಕಟ್ಟಿ ಮಾಲು ಮುಟ್ಟಿಸುವ ಷರತ್ತು) ಎಂದು ಬರೆದರೆ ಒಪ್ಪಬೇಡಿ. ಹಾಗೆ ಒಪ್ಪಿದರೆ ಅಲ್ಲಿನ ಆಮದುದಾರ ನೀವೇ ಆಗುತ್ತೀರಿ. ಬ್ರಿಟನ್ನಿನಲ್ಲಿ ನೆಲೆ ಇಲ್ಲದ ಬಳ್ಳಾರಿ ಘಟಕಕ್ಕೆ ಯುಕೆಐಎಂಎಸ್ ಸಿಗುವುದಿಲ್ಲ. 'ಡಿಎಪಿ' (ಮಾಲು ಮುಟ್ಟಿಸುವುದು ನಿಮ್ಮದು, ಆಮದು ಸುಂಕ ಗಿರಾಕಿಯದು) ಮಾಡಿಸಿ, ಗಿರಾಕಿಯ ಎಕ್ಸ್‌ಐ ಸಂಖ್ಯೆಯನ್ನು ಇನ್‌ವಾಯ್ಸ್ ಮೇಲೆ ಹಾಕಿ, ಮಾಲು ಕೊನೆಗೆ ಮುಟ್ಟುವ ಅಂಗಡಿಯ ವಿಳಾಸವನ್ನು ಪಿನ್‌ಕೋಡ್ ಸಮೇತ ಬರೆಯಿರಿ. ಬೆಲ್‌ಫಾಸ್ಟ್‌ನ ಪಿನ್‌ಕೋಡ್ 'ಬಿಟಿ' ಎಂದು ಶುರುವಾಗುತ್ತದೆ. ಯಾವ ಪಥ ಎಂದು ತೀರ್ಮಾನಿಸುವಾಗ ಮೊದಲು ನೋಡುವುದು ಆ ವಿಳಾಸವನ್ನೇ.