ಓದುವಾಗಲೇ ಕೆಲಸ ಕಲಿಯಲಿ ನಮ್ಮ ಮಕ್ಕಳು

ಬಿ.ಕಾಂ. ಕೊನೆಯ ಸೆಮಿಸ್ಟರ್ ಬಂತು ಅಂದರೆ ನಮ್ಮ ಆಫೀಸಿಗೆ ಹುಡುಗರು ಬರಲು ಶುರುವಾಗುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಆಫೀಸು. ಅಡಿಕೆ ವ್ಯಾಪಾರಿಗಳು, ಕಿರಾಣಿ ಅಂಗಡಿಯವರು, ಒಂದಿಷ್ಟು ಕಂಟ್ರಾಕ್ಟರ್‌ಗಳು, ಇವರ ಲೆಕ್ಕ ಮತ್ತು ಜಿಎಸ್‌ಟಿ ನೋಡಿಕೊಳ್ಳುತ್ತೇವೆ. ಬಂದ ಹುಡುಗರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ, "ಸರ್, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡ್ತೀರಾ?" ಕೆಲಸ ಏನು ಅಂತ ಆಮೇಲೆ ಕೇಳುತ್ತಾರೆ. ಕೆಲವರು ಅದನ್ನೂ ಕೇಳುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಕಾಲೇಜಿನಲ್ಲಿ ಕೇಳುವುದೇ ಆ ಒಂದು ಹಾಳೆಯನ್ನು.

ಹೋದ ವರ್ಷ ರಿಪ್ಪನ್‌ಪೇಟೆ ಕಡೆಯ ಒಬ್ಬಳು ಹುಡುಗಿ ಬಂದಿದ್ದಳು. ಓದಿನಲ್ಲಿ ಚುರುಕು, ಒಳ್ಳೆ ಮಾರ್ಕ್ಸ್. ಅಡಿಕೆ ಮಂಡಿಯೊಂದರ ಬಿಲ್ಲುಗಳ ಕಟ್ಟು ಕೊಟ್ಟು ಎಂಟ್ರಿ ಮಾಡಲು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಕಾನ್ಪುರಕ್ಕೆ ಹೋದ ಲೋಡಿನ ಬಿಲ್ಲು ಹಿಡಿದುಕೊಂಡು ಬಂದಳು. "ಸರ್, ಇದರಲ್ಲಿ ಐಜಿಎಸ್‌ಟಿ ಮಾತ್ರ ಇದೆ, ಬೇರೆ ಬಿಲ್ಲಲ್ಲಿ ಎರಡೆರಡು ಇದ್ಯಲ್ಲ?" ಎಂದಳು. "ಇಬ್ಬರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಮ್ಮ" ಎಂದೆ. ನಮ್ಮ ಮಂಡಿಯದು 29, ಅಂದರೆ ಕರ್ನಾಟಕ. ಕೊಂಡವರದು 09, ಉತ್ತರ ಪ್ರದೇಶ. ಮಾಲು ರಾಜ್ಯ ದಾಟಿದರೆ ಐಜಿಎಸ್‌ಟಿ, ರಾಜ್ಯದೊಳಗೇ ಇದ್ದರೆ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಅಂತ ಅರ್ಧರ್ಧ. ಇದನ್ನೆಲ್ಲ ಅವಳು ಪರೀಕ್ಷೆಗೆ ಓದಿ ಬರೆದಿದ್ದಳು. ಆದರೆ ಬಿಲ್ಲಿನ ಮೇಲೆ ಅದು ಎಲ್ಲಿ ಕೂತಿರುತ್ತದೆ ಅಂತ ಯಾರೂ ತೋರಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳೇ ಇನ್ನೊಂದು ಬಿಲ್ಲು ಎತ್ತಿ ತಂದಳು. ಕೊಂಡವರ ನಂಬರ್ 27ರಿಂದ ಶುರು, ಮಾಲು ಹೋಗಿದ್ದೂ ಮಹಾರಾಷ್ಟ್ರಕ್ಕೆ, ತೆರಿಗೆ ಮಾತ್ರ ಅರ್ಧರ್ಧ ಹಾಕಿದ್ದರು. "ನೀನೇ ಫೋನ್ ಮಾಡಿ ಹೇಳು" ಎಂದೆ. ಕೈ ನಡುಗುತ್ತಿತ್ತು ಪಾಪ. ಆದರೂ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ, ಅವರು ಒಪ್ಪದೆ ವಾದ ಮಾಡಿದಾಗ ಸಮಾಧಾನವಾಗಿ ವಿವರಿಸಿ, ಬಿಲ್ಲು ಸರಿ ಮಾಡಿಸಿದಳು. ಯಾವ ಅಣಕು ಇಂಟರ್‌ವ್ಯೂನಲ್ಲೂ ಇಷ್ಟು ಧೈರ್ಯ ಬರುವುದಿಲ್ಲ. ನನಗೆ ಅವತ್ತು ಆದ ಖುಷಿ ಹೇಳತೀರದು.

ಇಂಥದ್ದು ಕೊನೆಯ ಸೆಮಿಸ್ಟರಿನ ಕೆಲವೇ ವಾರಕ್ಕೆ ಯಾಕೆ ಸೀಮಿತ ಆಗಬೇಕು ಅನ್ನುವುದೇ ನನ್ನ ಪ್ರಶ್ನೆ. ಕೊನೆಯಲ್ಲಿ ಒಂದು ವಾರ ರೆಸ್ಯೂಮೆ ಬರೆಯುವುದು, ಇಂಗ್ಲಿಷ್‌ನಲ್ಲಿ ಪರಿಚಯ ಹೇಳಿಕೊಳ್ಳುವುದು, ಶೂ ಹಾಕಿಕೊಂಡು ಕೂರುವುದು ಕಲಿಸಿ ಬೆಂಗಳೂರು ಬಸ್ಸು ಹತ್ತಿಸಿದರೆ ಅದು ಉದ್ಯೋಗದ ತಯಾರಿ ಆಗುವುದಿಲ್ಲ.

ನಮ್ಮಲ್ಲೇ ಇದನ್ನು ಸರಿಯಾಗಿ ಮಾಡುವವರು ಇದ್ದಾರಲ್ಲ! ಕೃಷಿ ಬಿ.ಎಸ್ಸಿ. ಓದುವ ಮಕ್ಕಳನ್ನು ನೋಡಿ. ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯ ಇರಲಿ, ದೇಶದ ಬೇರೆ ಕೃಷಿ ವಿಶ್ವವಿದ್ಯಾಲಯಗಳಿರಲಿ, ಕೊನೆಯ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹಳ್ಳಿಗೆ ಹೋಗಿ ಉಳಿಯಲೇಬೇಕು. ಮಲೆನಾಡಿನ ಹಳ್ಳಿಯಾದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಿ ತೋರಿಸುತ್ತಾರೆ. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ತಿಕ್ಕಿದ ಚಾಕುವನ್ನು ಅದರಲ್ಲಿ ಅದ್ದಿ, ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಸುತ್ತ ನಿಂತವರು ಜೀವಮಾನವಿಡೀ ತೋಟ ಮಾಡಿದವರು, ಸುಮ್ನೆ ಬಿಡುತ್ತಾರಾ? ನೂರು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮಕ್ಕಳು ಮುಂದೆ ಎಲ್ಲಿ ಬೇಕಾದರೂ ನಿಲ್ಲುತ್ತಾರೆ. ಬಿ.ಎ., ಬಿ.ಕಾಂ. ಮಕ್ಕಳಿಗೆ ಯಾಕೆ ಈ ಭಾಗ್ಯ ಇಲ್ಲ?

ಇದೇನು ಹೊಸ ಯೋಚನೆಯಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನುವ ಮೇಷ್ಟ್ರು 1906ರಲ್ಲೇ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಒಂದಿಷ್ಟು ದಿನ ಕ್ಲಾಸು, ಒಂದಿಷ್ಟು ದಿನ ಕಾರ್ಖಾನೆ ಅಂತ ಶುರು ಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಬಾಗಿಲು ತೆರೆದದ್ದೇ ಈ ಪದ್ಧತಿಯ ಮೇಲೆ. ನಮ್ಮ ಯುಜಿಸಿ ಕೂಡ 2020ರಲ್ಲಿ ಅಪ್ರೆಂಟಿಸ್‌ಶಿಪ್ ಸೇರಿಸಿದ ಡಿಗ್ರಿಗಳಿಗೆ ಮಾರ್ಗಸೂಚಿ ಕೊಟ್ಟಿದೆ, ಕನಿಷ್ಠ ಒಂದು ಸೆಮಿಸ್ಟರ್ ಕೆಲಸದ ಜಾಗದಲ್ಲಿ. ಅಂದರೆ ಕಾಗದದ ಮೇಲೆ ದಾರಿ ಇದೆ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ಹಣ ಮೊದಲು ಬಿಡುಗಡೆಯಾಗಿದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ, 2024ರ ಜನವರಿ 12ಕ್ಕೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಕಷ್ಟದಲ್ಲಿರುವ ಮನೆಗೆ ಅದು ದೊಡ್ಡ ಆಸರೆ, ಅದನ್ನು ಬೇಡ ಅನ್ನುವವನಲ್ಲ ನಾನು. ಆದರೆ ಓದುವಾಗಲೇ ಅಷ್ಟು ದುಡ್ಡು ಕೊಟ್ಟು ಒಂದು ಸೆಮಿಸ್ಟರ್ ಕೆಲಸ ಕಲಿಸಿದರೆ ಎಷ್ಟು ಮಕ್ಕಳಿಗೆ ಅನುಕೂಲ ಆಗುತ್ತಿತ್ತು ಅಲ್ವಾ?

ದುಡ್ಡಿನ ಮಾತು ಯಾಕೆ ಎತ್ತುತ್ತೇನೆ ಅಂದರೆ, ನಮ್ಮ ಕಡೆ ತೊಡಕು ಇರುವುದೇ ಅಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳ ಊರುಗಳಿಗೆ ಓಡಾಡುವುದು ಜಾಸ್ತಿ ಖಾಸಗಿ ಬಸ್ಸುಗಳು, ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಅವುಗಳಲ್ಲಿ ನಡೆಯುವುದಿಲ್ಲ. ದಿನಾ ಬಸ್ಸಿಗೆ, ಊಟಕ್ಕೆ ಕೈಯಿಂದ ಹಾಕಿ ಪುಕ್ಕಟೆ ದುಡಿ ಅಂದರೆ ಕೂಲಿ ಮಾಡುವ ಮನೆಯ ಮಕ್ಕಳು ಬರುವುದು ಹೇಗೆ? ಇಂಟರ್ನ್‌ಶಿಪ್ ಆಗ ಉಳ್ಳವರ ಮಕ್ಕಳ ಪಾಲಾಗುತ್ತದೆ. ಪದವಿ ಮಕ್ಕಳಿಗಿರುವ ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ (ತರಬೇತಿ ಭತ್ಯೆಯ) ಅರ್ಧವನ್ನು ಸರ್ಕಾರವೇ ಭರಿಸುತ್ತದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕು ಜನ ಇರುವ ಆಫೀಸು ಕೂಡ ಬೇಕಾದರೆ ಸೇರಬಹುದು. ಕಾಲೇಜಿನ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರುಗಳು ಒಮ್ಮೆ ನೆಹರೂ ರಸ್ತೆ, ಎಪಿಎಂಸಿ ಯಾರ್ಡು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸುತ್ತಿ ಈ ಮಾತು ಹೇಳಿದರೆ ಒಪ್ಪುವವರು ಖಂಡಿತ ಸಿಗುತ್ತಾರೆ.

ನಮ್ಮಲ್ಲಿಗೆ ಬರುವವರಿಗೆ ಬಸ್ ಚಾರ್ಜು, ಊಟ ಮತ್ತು ಕೈಗೊಂದಿಷ್ಟು ಕೊಡುತ್ತೇನೆ. ತಿಂಗಳ 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಗಡಿಬಿಡಿ ಮುಗಿದ ಮೇಲೆ ಬನ್ನಿ, ಕೂತು ಮಾತಾಡೋಣ. ಎರಡನೇ ವರ್ಷದಲ್ಲಿ ಇರುವವರಾದರೆ ಇನ್ನೂ ಒಳ್ಳೆಯದು, ಕಲಿಯಲು ಸಮಯ ಇರುತ್ತದೆ.