ಕಾರವಾರದ ಹೊಲಿಗೆ ಬಾಯಿ

ಬೆಳಗಿನ ಜಾವ ಮೂರೂವರೆಗೆ ಬಸ್ಸು ನಮ್ಮನ್ನು ಅಂಕೋಲಾ ಹತ್ತಿರದ ಬಾಳೆಗುಳಿ ಕ್ರಾಸಿನಲ್ಲಿ ಇಳಿಸಿ ಹೋಯಿತು. ಟಿಕೆಟ್ಟಿನಲ್ಲಿ ಕಾರವಾರ ಅಂತಲೇ ಇತ್ತು. ಬಸ್ಸು ಮಾತ್ರ ಕುಮಟಾ ಕಡೆ ಹೋಗುವುದಂತೆ. "ಇಲ್ಲಿಂದ ಬೇಕಾದಷ್ಟು ಗಾಡಿ ಸಿಗ್ತಾವ್ರಿ" ಎಂದ ಕ್ಲೀನರ್. ಐದೂಕಾಲರವರೆಗೆ ಒಂದೂ ಸಿಗಲಿಲ್ಲ. ಮಗಳು ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದಳು. ನಾನೂ ನಮ್ಮವರೂ ಸೊಳ್ಳೆ ಓಡಿಸುತ್ತಾ ಕೂತೆವು. ಹುಬ್ಬಳ್ಳಿ ಕಡೆಯಿಂದ ರಾತ್ರಿ ಬರುವವರು ದಯವಿಟ್ಟು ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ, ಬಸ್ಸು ಕಾರವಾರ ಸ್ಟ್ಯಾಂಡಿಗೇ ಹೋಗುತ್ತಾ ಅಂತ. ಅದರಲ್ಲೂ 2024ರ ಹಾಗೆ ದೀಪಾವಳಿ, ರಾಜ್ಯೋತ್ಸವ ಒಟ್ಟಿಗೆ ಬಂದಾಗ ಎರಡು ಸಲ ಕೇಳಿ.

ಈ ಪ್ರವಾಸಕ್ಕೆ ಹೊರಟಿದ್ದೇ ಮನೆಯ ಗಲಾಟೆಯಿಂದ ಎರಡು ದಿನ ದೂರ ಇರೋಣ ಅಂತ. ಜೂನಿನಲ್ಲಿ ಅಪ್ಪ ತೀರಿಕೊಂಡರು. ಧಾರವಾಡದಲ್ಲಿ ಅವರ ಸಮಾಧಿಗೆ ಕಲ್ಲು ಹಾಕಿಸಬೇಕು. ಅಣ್ಣನಿಗೆ ಕರಿ ಗ್ರಾನೈಟ್ ಬೇಕು, ಅದರ ಮೇಲೆ ಅಪ್ಪನ ಡಿಗ್ರಿ, ಹುದ್ದೆ, ಚರ್ಚಿನ ಸಭೆಯಲ್ಲಿ ಹಿರಿಯರಾಗಿದ್ದ ವರ್ಷಗಳು ಎಲ್ಲಾ ಬರಬೇಕು. ತಮ್ಮನಿಗೆ ಹೆಸರು ಮತ್ತು ಬೈಬಲಿನ ಒಂದು ವಚನ ಸಾಕು. ನಾಲ್ಕು ತಿಂಗಳಿಂದ ಇದೇ ಮಾತು. ಅಪ್ಪ ನಮಗೆ ಬಿಟ್ಟುಹೋದದ್ದೇನು ಅನ್ನುವುದು ಆ ಕಲ್ಲಿನ ಅಳತೆಗೆ ಬಂದು ನಿಂತಿತ್ತು. ನನಗೆ ಅದು ಸಂಕಟ.

ಮೊದಲ ದಿನದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಟಾಗೋರ್ ಕಡಲತೀರ, ಮ್ಯೂಸಿಯಂ ಆಗಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ, ಮಧ್ಯಾಹ್ನ ಬಾಂಗಡೆ ಫ್ರೈ ಮತ್ತು ಸೋಲ್ ಕಡಿ. ಬಾಂಗಡೆ ತಿನ್ನುವುದಾದರೆ ಕಾರವಾರದಲ್ಲೇ ತಿನ್ನಬೇಕು. ಸಂಜೆ ಕಾಳಿ ಹೊಳೆ ನೋಡಲು ಹೋದೆವು. 2024ರ ಆಗಸ್ಟಿನಲ್ಲಿ ಕುಸಿದ ಹಳೇ ಸೇತುವೆ ನೀರಿಗೆ ಬಗ್ಗಿಕೊಂಡು ನಿಂತಿತ್ತು. ನಲವತ್ತೊಂದು ವರ್ಷದ ಸೇತುವೆ. ಚಿಕ್ಕವರಿದ್ದಾಗ ಗೋವಾಕ್ಕೆ ಹೋಗುವಾಗ ಅಪ್ಪ ಅದರ ಮೇಲೆ ಬಸ್ಸು ಬಂದ ಕೂಡಲೇ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದರು. ನಾನು ಜಾಸ್ತಿ ಹೊತ್ತು ನೋಡಲಾರದೆ ತಿರುಗಿ ಬಂದೆ.

ಮರುದಿನ ನವೆಂಬರ್ 2. ಊರ ಹೊರಗಿನ ಒಂದು ಇಗರ್ಜಿಯ ಪಕ್ಕದ ಸಮಾಧಿ ಜಾಗದಲ್ಲಿ ನೂರಾರು ದೀಪ ಕಂಡು ಆಟೋ ನಿಲ್ಲಿಸಿದೆವು. ಕಥೋಲಿಕರಿಗೆ ಅದು ಮೃತರೆಲ್ಲರ ಸ್ಮರಣೆಯ ದಿನ. ನಾವು ಪ್ರೊಟೆಸ್ಟಂಟರು, ಬಾಸೆಲ್ ಮಿಶನ್ ಮನೆತನದವರು, ಸಮಾಧಿಗೆ ಹೋಗುವುದು ಈಸ್ಟರ್ ಬೆಳಿಗ್ಗೆ. ಇಲ್ಲಿ ಸಂಜೆ, ಕಡಲ ಗಾಳಿ, ಗಾಳಿಗೆ ಆರದ ಹಾಗೆ ತೆಂಗಿನ ಚಿಪ್ಪು ಅಡ್ಡ ಇಟ್ಟ ಮೇಣದಬತ್ತಿಗಳು. ಅಬ್ಬಲಿಗೆ ದಂಡೆಗಳು.

ಮೂಲೆಯಲ್ಲಿ ಒಬ್ಬ ಅಜ್ಜಿ ಒಂದು ಚಿರೇಕಲ್ಲಿನ ಮುಂದೆ ಕೂತಿದ್ದಳು. ಆ ಕಲ್ಲಿನ ಮೇಲೆ ಹೆಸರಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಚಿರೇಕಲ್ಲಿಗೆ ತೂತು ಜಾಸ್ತಿ ಇರುತ್ತವಲ್ಲ, ಆ ತೂತುಗಳೆಲ್ಲ ಹಳೇ ಮೇಣ ತುಂಬಿ ಬೆಳ್ಳಗಾಗಿದ್ದವು. ಎಷ್ಟೋ ವರ್ಷಗಳ ಮೇಣ. ನಾನು ನಿಂತಿದ್ದಾಗಲೇ ಮೂರು ಜನ ಬಂದು ಬತ್ತಿ ಹಚ್ಚಿ ಹೋದರು.

"ಇದು ಯಾರದು ಅಜ್ಜಿ? ನಿಮ್ಮ ತಾಯಿಯದಾ?"

"ಅಲ್ಲ ಬಾಯ್. ನಮ್ಮ ಪೈಕಿನೂ ಅಲ್ಲ. ಹೊಲಿಗೆ ಬಾಯಿದು." ಬಾಯಿ ಅಂದರೆ ಇಲ್ಲಿ ಹೆಂಗಸು.

"ಹೆಸರು ಬರೆಸಿಲ್ಲವಲ್ಲ?"

"ಬರೆಸೋಕೆ ಯಾರಿದ್ರು? ಗಂಡ ಹಡಗಿಗೆ ಹೋದವ ತಿರುಗಿ ಬರಲಿಲ್ಲ. ಮಕ್ಕಳಿಲ್ಲ. ಒಂದು ಕಾಲ್ಮೆಟ್ಟಿನ ಮಿಶಿನ್ ಇತ್ತು, ಅಷ್ಟೇ."

ಅಜ್ಜಿ ನಿಧಾನಕ್ಕೆ ಹೇಳುತ್ತಾ ಹೋದಳು. 1958ರಲ್ಲಿ ಅವಳಿಗೆ ಎಂಟು ವರ್ಷ. ಮೊದಲ ಪರಮಪ್ರಸಾದಕ್ಕೆ, ಅಂದರೆ ಮಕ್ಕಳು ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ದಿನಕ್ಕೆ, ಹುಡುಗಿಯರಿಗೆ ಬಿಳಿ ಫ್ರಾಕ್ ಬೇಕು. ಆ ವರ್ಷ ಬಲೆಗೆ ಮೀನು ಬಿದ್ದಿರಲಿಲ್ಲ. ಬರುವ ವರ್ಷ ನೋಡೋಣ ಎಂದುಬಿಟ್ಟಿದ್ದಳು ತಾಯಿ. ಶನಿವಾರ ರಾತ್ರಿ ಹೊಲಿಗೆ ಬಾಯಿ ಬಾಗಿಲು ತಟ್ಟಿದಳು, ಕೈಯಲ್ಲಿ ಫ್ರಾಕು.

"ದುಡ್ಡು ಕೇಳಲಿಲ್ಲ. ಒಗೆದು ತಿರುಗಿ ಕೊಡು ಅಂದ್ಲು. ಮುಂದಿನ ವರ್ಷ ಇನ್ನೊಬ್ಬಳಿಗೆ ಬೇಕು ಅಂದ್ಲು."

ನನಗೆ ಬೈಬಲಿನ ಯೊಪ್ಪ ಊರಿನ ತಬಿಥಾ ನೆನಪಾದಳು. ಅದೂ ಬಂದರಿನ ಊರೇ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ, ಅವಳು ಸತ್ತಾಗ ಯೇಸುವಿನ ಶಿಷ್ಯ ಪೇತ್ರ ಬರುತ್ತಾನೆ. ವಿಧವೆಯರು ಅಳುತ್ತಾ ಅವಳು ಹೊಲಿದುಕೊಟ್ಟ ಅಂಗಿಗಳನ್ನು ಅವನಿಗೆ ತೋರಿಸುತ್ತಾರೆ. ಸಂಡೇ ಸ್ಕೂಲಿನಲ್ಲಿ ನಾನೇ ಈ ಕಥೆ ಎಷ್ಟು ಸಲ ಹೇಳಿಲ್ಲ! ಪೇತ್ರ ಅವಳನ್ನು ಬದುಕಿಸಿ ಎಬ್ಬಿಸಿದ್ದನ್ನೇ ದೊಡ್ಡದು ಮಾಡಿ ಹೇಳಿ, ಆ ಹೆಂಗಸರ ಕೈಯಲ್ಲಿದ್ದ ಬಟ್ಟೆಯನ್ನು ದಾಟಿ ಮುಂದೆ ಹೋಗುತ್ತಿದ್ದೆ.

ಅಪ್ಪನೂ ನೆನಪಾದರು. ಭಾನುವಾರ ಸಂಜೆ ಆಸ್ಪತ್ರೆಯ ವಾರ್ಡಿಗೆ ಹೋಗಿ, ಬರೆಯಲು ಬಾರದ ರೋಗಿಗಳಿಗೆ ಕಾಗದ ಬರೆದುಕೊಡುತ್ತಿದ್ದರು. ಇನ್‌ಲ್ಯಾಂಡ್ ಲೆಟರಿನ ದುಡ್ಡೂ ಅವರದೇ. ಕೊನೆಗೆ ಗಟ್ಟಿಯಾಗಿ ಓದಿ ಹೇಳಿ, "ಸರಿ ಐತಿಲ್ಲೋ?" ಅಂತ ಕೇಳಿ ಅಂಟಿಸುತ್ತಿದ್ದರು. ಆ ಕಾಗದಗಳು ಯಾವ್ಯಾವ ಊರಿಗೆ ಹೋದವೋ. ಅಣ್ಣ ಕಳಿಸಿದ ಕಲ್ಲಿನ ಬರಹದಲ್ಲಿ ಅದರ ಮಾತಿಲ್ಲ. ತಮ್ಮನ ಬರಹದಲ್ಲೂ ಇಲ್ಲ. ನಾನೂ ಹೇಳಿರಲಿಲ್ಲ.

"ಫ್ರಾಕು ಈಗ ಎಲ್ಲಿದೆ ಅಜ್ಜಿ?" ಎಂದು ಕೇಳಿದವಳು ನನ್ನ ಮಗಳು.

"ನಮ್ಮ ಮನೇಲೇ ಉಂಟು. ಬಾ."

ಮನೆ ಎರಡೇ ನಿಮಿಷದ ದಾರಿ. ಟ್ರಂಕಿನಲ್ಲಿ ಡಾಂಬರು ಗುಳಿಗೆಯ ವಾಸನೆ. ಹಳೇ ಲುಂಗಿಯಲ್ಲಿ ಸುತ್ತಿಟ್ಟ ಫ್ರಾಕನ್ನು ಅಜ್ಜಿ ಮಂಚದ ಮೇಲೆ ಹರವಿದಳು. ಬಿಳಿ ಹೋಗಿ ಗಂಜಿಯ ಬಣ್ಣಕ್ಕೆ ಬಂದಿತ್ತು. ಕೆಳಗಿನ ಅಂಚನ್ನು ತಿರುಗಿಸಿ ತೋರಿಸಿದಳು. ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಿತ್ತು, ಎತ್ತರದ ಹುಡುಗಿ ಬಂದರೆ ಬಿಚ್ಚಲು. ಬಿಚ್ಚಿ ಹೊಲಿದು, ಮತ್ತೆ ಬಿಚ್ಚಿ ಹೊಲಿದ ಕಡೆಯೆಲ್ಲ ಸೂಜಿಯ ತೂತಿನ ಸಾಲು. ಮಗಳು ಬೆರಳಿಟ್ಟು ಎಣಿಸಿದಳು. ಹನ್ನೊಂದು ಸಾಲು. ಒಂದು ಸಾಲು ಅಜ್ಜಿ ಹಾಕಿಕೊಂಡಾಗಿನದು, ಒಂದು ಅವಳ ಮಗಳು ಹಾಕಿಕೊಂಡಾಗಿನದು. ಕೊನೆಯ ಕೆಲವು ಸಾಲು ಹೊಲಿಗೆ ಬಾಯಿಯ ಕೈಯದಲ್ಲ, ಅಜ್ಜಿಯದು. ಅವು ಸ್ವಲ್ಪ ಸೊಟ್ಟ.

"ಅವಳ ಹಾಗೆ ಬರಲ್ಲ ನನಗೆ" ಎಂದಳು.

ಈ ಸಲ ಬೇಸಿಗೆಗೆ ಪಕ್ಕದ ಓಣಿಯ ಹುಡುಗಿ ಹಾಕಿಕೊಳ್ಳಬೇಕಂತೆ. ಅಪ್ಪ ಇಲ್ಲದ ಹುಡುಗಿ. ಕುತ್ತಿಗೆಯ ಗುಂಡಿ ಸಡಿಲ ಆಗಿದೆ, ಹಾಕಬೇಕು. ಅಜ್ಜಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ನಾಲ್ಕೈದು ಸಲ ಪ್ರಯತ್ನಿಸಿದಳು. ಆಗಲಿಲ್ಲ.

"ನನ್ನ ಕಣ್ಣು ಹೋಯ್ತು. ನೀನು ಪೋಣಿಸಿ ಕೊಡ್ತೀಯಾ, ಬಾಯ್?"

ಮಗಳು ಮೊಬೈಲಿನ ಬೆಳಕು ಹಿಡಿದಳು. ಅಣ್ಣನ ಹೊಸ ಮೆಸೇಜು ಪರದೆಯ ಮೇಲೆ ಬಂತು. ಅದನ್ನು ಸರಿಸು ಎಂದೆ. ಸೂಜಿಗೆ ದಾರ ಹಾಕಿ ಗಂಟು ಕಟ್ಟಿ ಅಜ್ಜಿಯ ಕೈಗೆ ಕೊಟ್ಟೆ.