ಬೋರ್ಡಿನ ಮೇಲೊಂದು ಊರು

ಸಂವಿಧಾನ ಹೇಳಿಕೊಟ್ಟ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಬ್ಯಾಚಿನ ಗುಂಪಿನಲ್ಲಿ ಎಲ್ಲರಿಗೂ ನೆನಪಾದದ್ದು ಸ್ವಾನ್ ಕೇಸು, ಕಪ್ಪು-ಬಿಳಿ ಮಕ್ಕಳನ್ನು ಒಂದೇ ಶಾಲೆಯಲ್ಲಿ ಬೆರೆಸುವ ಬಗ್ಗೆ ಅಮೆರಿಕದಲ್ಲಿ ನಡೆದ ದಾವೆ. ಎಲ್‌ಎಲ್‌ಬಿಯಲ್ಲಿ ಉರು ಹೊಡೆದದ್ದೆಲ್ಲ ಹಾರಿಹೋಗಿದೆ. ಅಮೆರಿಕದ ಉತ್ತರ ಕೆರೊಲಿನಾದ ಷಾರ್ಲೆಟ್ ನಕ್ಷೆ ಮಾತ್ರ ಉಳಿದಿದೆ.

ಹಾಜರಿಗೂ ಮೊದಲು ಮೇಷ್ಟ್ರು ಸೀಮೆಸುಣ್ಣದಲ್ಲಿ ಎರಡು ವೃತ್ತ ಎಳೆಯುತ್ತಿದ್ದರು. ಒಳಗಿನದು ಷಾರ್ಲೆಟ್ ನಗರ, ಹೊರಗಿನದು ಮೆಕ್ಲೆನ್‌ಬರ್ಗ್ ಕೌಂಟಿ. 550 ಚದರ ಮೈಲಿ, 107 ಶಾಲೆ, 84,000ಕ್ಕೂ ಹೆಚ್ಚು ಮಕ್ಕಳು. ಎಲ್ಲಕ್ಕೂ ಒಂದೇ ಶಿಕ್ಷಣ ಮಂಡಳಿ. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸುವಂತಿಲ್ಲ ಎಂದ 1954ರ ಬ್ರೌನ್ ತೀರ್ಪು ಬಂದು ವರ್ಷಗಳೇ ಕಳೆದಿದ್ದರೂ ಸುಮಾರು 14,000 ಕಪ್ಪು ಮಕ್ಕಳು ಕಲಿಯುತ್ತಿದ್ದದ್ದು ತಮ್ಮವರೇ ತುಂಬಿದ್ದ 21 ಶಾಲೆಗಳಲ್ಲಿ.

ದಾವೆ ಹೂಡಿದ ಡೇರಿಯಸ್ ಮತ್ತು ವೆರಾ ಸ್ವಾನ್ ಭಾರತದಲ್ಲಿ ಮಿಷನರಿಗಳಾಗಿದ್ದು ವಾಪಸಾದವರು. ಅವರ ಮಗನನ್ನು ಮನೆಗೆ ಹತ್ತಿರದ ಸೆವರ್ಸ್‌ವಿಲ್ ಶಾಲೆಗೆ ಸೇರಿಸಿಕೊಳ್ಳದೆ, ಕಪ್ಪು ಮಕ್ಕಳಷ್ಟೇ ಇದ್ದ ಬಿಡಲ್‌ವಿಲ್‌ಗೆ ಕಳಿಸಿದರು. “ಹತ್ತಿರದ ಶಾಲೆ ಕೊಡಿ ಅಂತ ಮೊದಲು ಕೇಳಿದೋರು ಯಾರ್ರಯ್ಯಾ?” ಎಂದು ಮೇಷ್ಟ್ರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮುಂದೆ ಮಕ್ಕಳನ್ನು ಬೆರೆಸಲು ದೂರದ ಶಾಲೆಗಳಿಗೆ ಬಸ್ಸಿನಲ್ಲಿ ಕಳಿಸುವ ‘ಬಸ್ಸಿಂಗ್’ ಬಂದಾಗ, ‘ನಮಗೆ ನೆರೆಹೊರೆಯ ಶಾಲೆಯೇ ಸಾಕು’ ಎಂದು ಬಸ್ಸಿಗೆ ಅಡ್ಡ ನಿಂತವರು ಬಿಳಿಯ ಪೋಷಕರು.

ಆ ಬಸ್ಸಿಂಗಿನ ನಕ್ಷೆಯೇ ಫಿಂಗರ್ ಯೋಜನೆ. ನ್ಯಾಯಾಧೀಶ ಮೆಕ್‌ಮಿಲನ್ ನೇಮಿಸಿದ ತಜ್ಞ ಜಾನ್ ಫಿಂಗರ್, ಒಳನಗರದ ಒಂದು ಶಾಲೆಯನ್ನು ಹೊರವಲಯದ ಎರಡು-ಮೂರು ಶಾಲೆಗಳ ಜೊತೆ ಗುಂಪು ಮಾಡಿದರು. ಒಂದರಿಂದ ನಾಲ್ಕನೇ ತರಗತಿಯ ಕಪ್ಪು ಮಕ್ಕಳು ಹೊರಕ್ಕೆ, ಐದು-ಆರನೇ ತರಗತಿಯ ಬಿಳಿ ಮಕ್ಕಳು ಒಳಕ್ಕೆ. ಸರಾಸರಿ ಏಳು ಮೈಲಿ, ಹೆಚ್ಚೆಂದರೆ 35 ನಿಮಿಷ. ಅದಕ್ಕೂ ಮೊದಲೇ ಅಲ್ಲಿ ದಿನಕ್ಕೆ 23,600 ಮಕ್ಕಳು ಸರಾಸರಿ 15 ಮೈಲಿ, ಗಂಟೆಗೂ ಮೀರಿ ಬಸ್ಸಿನಲ್ಲಿ ಹೋಗುತ್ತಿದ್ದರು. ಆಗ ಯಾರಿಗೂ ದೂರವೆನಿಸಿರಲಿಲ್ಲ! 1971ರ ಏಪ್ರಿಲ್ 20ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಯೋಜನೆಯನ್ನು ಎತ್ತಿಹಿಡಿಯಿತು. ಮೇಷ್ಟ್ರು ಅಷ್ಟಕ್ಕೇ ಬಿಡುತ್ತಿರಲಿಲ್ಲ: “ನಾಲ್ಕು ವರ್ಷ ಯಾರು ಬಸ್ಸು ಹತ್ತಿದ್ರು, ಎರಡು ವರ್ಷ ಯಾರು? ಚಿಕ್ಕೋರು ಯಾರು?” ಹೊರೆ ಎತ್ತ ವಾಲಿತ್ತೆಂದು ಯಾವ ಗೈಡಿನಲ್ಲೂ ಇರಲಿಲ್ಲ.

ಒಂದು ದಿನ ಮೇಷ್ಟ್ರು ನಕ್ಷೆ ಬರೆದಿಟ್ಟು ರಿಜಿಸ್ಟರ್ ತರಲು ಹೋದಾಗ ಹಿಂದಿನ ಬೆಂಚಿನವರು ಬೆರಳು ಒದ್ದೆ ಮಾಡಿಕೊಂಡು ಶಾಲಾ ವಲಯಗಳ ಗೆರೆಗಳನ್ನೇ ತಿದ್ದಿದರು; ಕಪ್ಪು ಮಕ್ಕಳ ಶಾಲೆಗಳೆಲ್ಲ ಒಂದೇ ಮೂಲೆಗೆ ಬಿದ್ದವು. ನೋಡಿದ ಮೇಷ್ಟ್ರು, “ಭೇಷ್, ಮಂಡಳಿಯವರು ಮಾಡಿದ್ದೂ ಇಷ್ಟೇ” ಎಂದು ಹೊರವೃತ್ತವನ್ನು ತಾವೇ ಅಳಿಸಿಬಿಟ್ಟರು. “ಇದೀಗ ಡೆಟ್ರಾಯಿಟ್. ನಗರದ ಮಂಡಳಿ ಬೇರೆ, ಉಪನಗರಗಳದ್ದು ಬೇರೆ. ಬಸ್ಸು ಎಲ್ಲಿಗೆ ಬಿಡ್ತೀರಿ?” ಡೆಟ್ರಾಯಿಟ್ ಶಾಲೆಗಳ ಬಗ್ಗೆ ಅದೇ ಕೋರ್ಟು ಕೊಟ್ಟ 1974ರ ಮಿಲಿಕನ್ ತೀರ್ಪಿನ ಪಾಠ ಹಾಗೆ ಶುರುವಾಯಿತು. ಸುತ್ತಲಿನ 53 ಉಪನಗರ ಮಂಡಳಿಗಳನ್ನು ಸೇರಿಸುವ ಯೋಜನೆ ಐದಕ್ಕೆ ನಾಲ್ಕು ಮತಗಳಲ್ಲಿ ಬಿದ್ದಿತ್ತು. ಷಾರ್ಲೆಟ್‌ನಲ್ಲಿ ಮನೆ ಬದಲಿಸಿ ಹೊರವಲಯಕ್ಕೆ ಹೋದರೂ ಮಂಡಳಿ ಅದೇ. ಡೆಟ್ರಾಯಿಟ್‌ನಲ್ಲಿ ಗಡಿ ದಾಟಿದರೆ ಮುಗಿಯಿತು.

ಈಗಿನ ನೋಟ್ಸುಗಳಲ್ಲಿ ಸ್ವಾನ್ ಒಂದೇ ಸಾಲು: ‘ಬಸ್ಸಿಂಗ್ ಸಿಂಧು.’ ನಕ್ಷೆಯಿಲ್ಲ, ಮೈಲಿಯಿಲ್ಲ. ಅಣಕು ನ್ಯಾಯಾಲಯದಲ್ಲಿ ನಾವು ಗೆದ್ದ ಟ್ರೋಫಿ ಇನ್ನೂ ಕಾಲೇಜಿನ ಗಾಜಿನ ಬೀರುವಿನಲ್ಲಿದೆಯಂತೆ. ಅದರ ಶ್ರೇಯಸ್ಸೆಲ್ಲ ಮೇಷ್ಟ್ರದ್ದೇ ಎನ್ನಲು ಮನಸ್ಸು ಪೂರ್ತಿ ಒಪ್ಪುವುದಿಲ್ಲ.

2019ರಲ್ಲಿ ಕರ್ನಾಟಕ ಸರ್ಕಾರ ಆರ್‌ಟಿಇ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆಗೆ ಬಡ ಮಕ್ಕಳಿಗೆ ಶೇ. 25ರ ಸೀಟು ಕೊಡುವ ಹೊಣೆ ಇಲ್ಲ ಎಂದಿತು. ಹೈಕೋರ್ಟ್ ಅದನ್ನು ಎತ್ತಿಹಿಡಿದಾಗ ಬ್ಯಾಚಿನ ಗುಂಪಿನಲ್ಲಿ ದೊಡ್ಡ ಜಗಳವಾಯಿತು. ನಿವೃತ್ತರಾಗಿದ್ದ ಮೇಷ್ಟ್ರು ಬರೆದದ್ದು ಒಂದೇ ಸಾಲು: “ವಾದ ಆಮೇಲೆ. ಮೊದಲು ನಿಮ್ಮ ನಿಮ್ಮ ವಾರ್ಡಿನ ನಕ್ಷೆ ಕಳಿಸಿ.” ಅರ್ಧ ಜನವೂ ಕಳಿಸಲಿಲ್ಲ.